ಸೂಪರ್ ಸಾರ್, ಇನ್ನೂ ಕೇಳಿಲ್ಲ

ಹವ್ಯಾಸಿ ಸಂಯೋಜಕರೊಬ್ಬರು ಸ್ವಂತ ರಾಗ ಹಾಕಿ ಮನೆಯಲ್ಲೇ ಮುದ್ರಿಸಿದ ಹಾಡಿನ ಉದ್ದ 5 ನಿಮಿಷ 20 ಸೆಕೆಂಡು. ವಾಟ್ಸ್ಯಾಪ್ ಗುಂಪಿಗೆ ಅದು ಬಂದು ಬಿದ್ದದ್ದು ರಾತ್ರಿ 9:14ಕ್ಕೆ. ಮೊದಲ ‘ಸೂಪರ್ ಸಾರ್’ ಬಂದದ್ದೂ 9:14ಕ್ಕೇ.

ಆ ಪುಣ್ಯಾತ್ಮರು ಕಂಡ ಕೂಡಲೇ ಒತ್ತಿದ್ದರು ಅಂತಲೇ ಇಟ್ಟುಕೊಳ್ಳೋಣ. ಅಷ್ಟು ಹೊತ್ತಿಗೆ ಹಾಡಿನಲ್ಲಿ ತಂಬೂರಿ ಮೆಲ್ಲಗೆ ಏಳುತ್ತಿರುತ್ತದೆ, ಅಷ್ಟೆ. ತಂಬೂರಿ ಫೋನಿನ ಆ್ಯಪಿನದು. ಅಂದಮೇಲೆ ಆ ಮೆಚ್ಚುಗೆ ನ್ಯಾಯವಾಗಿ ಸಲ್ಲಬೇಕಾದ್ದು ಆ್ಯಪ್ ಬರೆದವರಿಗೆ. ಆಮೇಲೆ ಏಳು ಜನ ಕೈಮುಗಿಯುತ್ತಾರೆ, ಒಬ್ಬರು ಹೂಗುಚ್ಛ ಇಡುತ್ತಾರೆ. ಹೂಗುಚ್ಛ ನೋಡಿದ ಇನ್ನೊಬ್ಬರು ಸಂಯೋಜಕರಿಗೆ ಹುಟ್ಟುಹಬ್ಬದ ಶುಭಾಶಯ ಹೇಳುತ್ತಾರೆ. ಅದಕ್ಕೆ ಮತ್ತೆ ನಾಲ್ಕು ಜನ ದನಿಗೂಡಿಸುತ್ತಾರೆ. ಹಾಡಿಗೆ ಬಂದ ಒಟ್ಟು ವಿಮರ್ಶೆ ಇಷ್ಟು.

ಆ ಐದು ನಿಮಿಷದ ಹಿಂದೆ ಏನೇನು ಇರುತ್ತದೆ ಅಂತ ತಿಳಿದವರಿಗೆ ಇದನ್ನು ನೋಡಿದಾಗೆಲ್ಲ ಉರಿಯುತ್ತದೆ. ಬ್ಯಾಂಕಿನಲ್ಲೋ ಶಾಲೆಯಲ್ಲೋ ಕೆಲಸ ಮಾಡಿಕೊಂಡು ಸ್ವಂತ ರಾಗ ಹಾಕುವವರ ಧ್ವನಿಮುದ್ರಣ ಶುರುವಾಗುವುದು ರಾತ್ರಿ ಹನ್ನೊಂದರ ಮೇಲೆ. ಅದಕ್ಕೆ ಮೊದಲು ಪಕ್ಕದ ಮನೆಯ ಮಿಕ್ಸಿ, ಎದುರು ಮನೆಯ ಕುಕ್ಕರ್, ಬೀದಿಯ ಈರುಳ್ಳಿ ಗಾಡಿಯ ಮೈಕು ಎಲ್ಲವೂ ಸುಮ್ಮನಾಗಬೇಕು. ಕಿಟಕಿ ಮುಚ್ಚಬೇಕು, ಫ್ಯಾನ್ ಆರಿಸಬೇಕು. ಫ್ಯಾನ್ ಓಡುತ್ತಿರಲಿ, ಆಮೇಲೆ ಆಡಾಸಿಟಿ ಅನ್ನುವ ಧ್ವನಿ ತಿದ್ದುವ ಸಾಫ್ಟ್‌ವೇರಿನಲ್ಲಿ ಗದ್ದಲ ತೆಗೆದರಾಯಿತು ಅಂದುಕೊಂಡವರ ಧ್ವನಿ ಕೊಡದೊಳಗೆ ಬಾಯಿಟ್ಟು ಹಾಡಿದ ಹಾಗೆ ಕೇಳುತ್ತದೆ. ಗದ್ದಲದ ಜೊತೆಗೆ ಗಂಟಲಿನ ಒಂದಿಷ್ಟು ಭಾಗವನ್ನೂ ಆ ಸಾಫ್ಟ್‌ವೇರ್ ಒರೆಸಿ ಹಾಕಿರುತ್ತದೆ. ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದು ಅದರ ಮುಂದೆ ಮೈಕಿಡಬೇಕು, ಬೆನ್ನ ಹಿಂದೆ ದಪ್ಪ ರಗ್ಗು ನೇತುಹಾಕಬೇಕು. ಇಲ್ಲದಿದ್ದರೆ ಬರಿಗೋಡೆಗಳು ಪ್ರತಿ ಸಾಲನ್ನೂ ತಿರುಗಿ ಹಾಡುತ್ತವೆ.

ಮೈಕಿಗೂ ಬಾಯಿಗೂ ಒಂದು ಗೇಣು ದೂರ ಇರಬೇಕು. ಇನ್ನೂ ಹತ್ತಿರ ಹೋದರೆ ನಮ್ಮ ಮಹಾಪ್ರಾಣಗಳು ಕೈಕೊಡುತ್ತವೆ. ‘ಭಾಗ್ಯ’ ಅಂದರೆ ಸಾಕು, ‘ಭ’ದ ಗಾಳಿ ಮೈಕಿನ ಪೊರೆಗೆ ಗುದ್ದಿ ‘ಢಬ್’ ಅಂತ ಬೀಳುತ್ತದೆ. ಭಕ್ತಿಗೀತೆಗಳಲ್ಲಿ ಭಯಂಕರ ಸದ್ದು ಇರುವುದಕ್ಕೆ ಇದೇ ಕಾರಣ. ಮೈಕನ್ನು ಬಾಯಿಗೆ ನೇರವಾಗಿ ಹಿಡಿಯದೆ ಸ್ವಲ್ಪ ಓರೆಯಾಗಿ ಇಟ್ಟರೆ ಗಾಳಿ ಪಕ್ಕಕ್ಕೆ ಹೋಗುತ್ತದೆ, ಧ್ವನಿ ಒಳಗೆ ಬರುತ್ತದೆ. ಧ್ವನಿಯ ಮಟ್ಟ ತೋರಿಸುವ ಮುಳ್ಳು ಮೈನಸ್ 12ರಿಂದ ಮೈನಸ್ 6 ಡೆಸಿಬೆಲ್ ನಡುವೆ ಆಡುತ್ತಿದ್ದರೆ ಸಾಕು; ಸೊನ್ನೆ ಮುಟ್ಟಿದರೆ ಧ್ವನಿ ಒಡೆಯುತ್ತದೆ, ಒಡೆದದ್ದನ್ನು ಮತ್ತೆ ಕೂಡಿಸುವುದು ದೇವರಿಗೂ ಕಷ್ಟ.

ಇನ್ನು ಬ್ಲೂಟೂತ್ ಇಯರ್‌ಫೋನ್ ಹಾಕಿಕೊಂಡು ಹಾಡುವವರಿದ್ದಾರೆ. ತಬಲಾ ಅವರ ಕಿವಿ ತಲುಪುವುದೇ ಸೆಕೆಂಡಿನ ಐದನೇ ಒಂದು ಭಾಗ ತಡವಾಗಿ. ಅವರು ಕೇಳಿಸಿಕೊಂಡ ತಾಳಕ್ಕೆ ನಿಷ್ಠೆಯಿಂದ ಹಾಡುತ್ತಾರೆ, ಮುದ್ರಣದಲ್ಲಿ ಮಾತ್ರ ಇಡೀ ಹಾಡು ತಬಲಾದ ಹಿಂದೆ ಓಡಿಕೊಂಡು ಬರುತ್ತಿರುತ್ತದೆ. ತಂತಿಯ ಇಯರ್‌ಫೋನ್ ಹಾಕಿಕೊಳ್ಳಿ. ಆಗಲೇ ಹಾಡಿಬಿಟ್ಟಿದ್ದರೆ ಸಾಫ್ಟ್‌ವೇರಿನಲ್ಲಿ ಧ್ವನಿಯ ಪಟ್ಟಿಯನ್ನು, ಅಂದರೆ ಟ್ರ್ಯಾಕನ್ನು, ಅಷ್ಟೇ ಎಡಕ್ಕೆ ಸರಿಸಿ. ಇದಕ್ಕೆ ತಾಳಜ್ಞಾನ ಇಲ್ಲ ಅಂತ ಹೆಸರಿಡುವುದು ಅನ್ಯಾಯ.

ತಾಳದ ವಿಷಯದಲ್ಲಿ ನಿಜವಾದ ಅನ್ಯಾಯ ಬೇರೆಯೇ ಇದೆ. ಸಂಗೀತದ ಸಾಫ್ಟ್‌ವೇರುಗಳನ್ನು ತೆರೆದರೆ ಸಾಮಾನ್ಯವಾಗಿ ತಾನಾಗಿಯೇ ಬಂದು ಕೂರುವುದು ನಾಲ್ಕು ಎಣಿಕೆಯ ತಾಳ, ನಿಮಿಷಕ್ಕೆ 120ರ ವೇಗ. ಎಷ್ಟೋ ವಿರಹಗೀತೆಗಳು ಬಸ್ಸು ಹಿಡಿಯುವ ಅವಸರದಲ್ಲಿರುವುದು ಇದರಿಂದಲೇ. ಆ ಅಂಕಿ ಬದಲಿಸಬಹುದು ಅಂತ ಯಾರೂ ಹೇಳಿರುವುದಿಲ್ಲ. ಇದೇ ಚೌಕಟ್ಟಿಗೆ ಭಾಮಿನಿ ಷಟ್ಪದಿ ತಂದು ಕೂರಿಸಿದರೆ ಏನಾಗಬೇಕು? ಅದರ ಗತಿ ಮೂರು-ನಾಲ್ಕು, ಮೂರು-ನಾಲ್ಕು. ಚಿಕ್ಕ ಸಾಲಿಗೆ 14 ಮಾತ್ರೆ. ಮಿಶ್ರ ಛಾಪು ತಾಳದ ಏಳು ಎಣಿಕೆಗೆ ಅಳೆದು ಹೊಲಿದಂತೆ ಕೂರುವ ಪದ್ಯ ಅದು. ನಾಲ್ಕರ ಎಣಿಕೆಯಲ್ಲಿ ಸಾಲಿಗೆ 16 ಬೇಕು. ಆ ಎರಡು ಮಾತ್ರೆಗಳನ್ನು ತುಂಬಲು ಎಲ್ಲೋ ಒಂದು ಹ್ರಸ್ವವನ್ನು ಹಿಡಿದು ಎಳೆಯುತ್ತಾರೆ. ಕನ್ನಡದಲ್ಲಿ ಹ್ರಸ್ವ ಎಳೆದರೆ ಸುಮ್ಮನಿರುತ್ತದೆಯೇ? ನಾಯಕಿಯ ‘ಬಳೆ’ ಇದ್ದಕ್ಕಿದ್ದಂತೆ ‘ಬಾಳೆ’ ಆಗುತ್ತದೆ. ಎರಡೂ ಕೈ ತುಂಬ ಹಸಿರು ಬಾಳೆ ತೊಟ್ಟು ಅವಳು ಗಂಡನಿಗಾಗಿ ಕಾಯುತ್ತಾಳೆ.

ಇಷ್ಟೆಲ್ಲ ಆಗಿ ಹೊರಬಂದ ಹಾಡನ್ನು ನಾವು ಕೇಳುವುದು ಹೇಗೆ? ಫೋನನ್ನು ಅಡುಗೆಮನೆಯ ಕಟ್ಟೆಯ ಮೇಲೆ ಮೊಗಚಿಟ್ಟು. ಫೋನಿನ ಪುಟ್ಟ ಸ್ಪೀಕರ್ 200 ಹರ್ಟ್ಜ್‌ಗಿಂತ ಕೆಳಗಿನದನ್ನು ನುಡಿಸುವುದು ಅಷ್ಟಕ್ಕಷ್ಟೆ. ಒಂದು ಕಟ್ಟೆ ಶ್ರುತಿಯಲ್ಲಿ, ಅಂದರೆ ಕೀಬೋರ್ಡಿನ ‘ಸಿ’ ಮನೆಯಲ್ಲಿ, ಹಾಡುವ ಗಂಡುಧ್ವನಿಯ ಮಧ್ಯ ಷಡ್ಜವೇ, ಅಂದರೆ ನಡುವಿನ ‘ಸ’ವೇ, ಸುಮಾರು 131 ಹರ್ಟ್ಜ್. ಅಂದರೆ ಹಾಡಿನ ಷಡ್ಜವೇ ಸರಿಯಾಗಿ ಹೊರಬರುವುದಿಲ್ಲ. ಅದರ ಜೊತೆಗೇ ಸಣ್ಣಗೆ ಹುಟ್ಟುವ ಮೇಲಿನ ಅನುಸ್ವರಗಳನ್ನು ಕೇಳಿ ಮಿದುಳು ಪಾಪ ತಾನೇ ಊಹಿಸಿಕೊಳ್ಳುತ್ತದೆ. ತಬಲಾದ ಎಡ, ಮೃದಂಗದ ತೊಪ್ಪಿಗಳ ದಪ್ಪ ನಾದ ಪೂರ್ತಿ ಮಾಯವಾಗಿ ಬರೀ ‘ಟಕ್ ಟಕ್’ ಉಳಿಯುತ್ತದೆ. ‘ರಿದಂ ಸ್ವಲ್ಪ ಡ್ರೈ ಆಯ್ತು ಸಾರ್’ ಅನ್ನುವ ಜಾಣರಿಗೆ ಹೇಳಬೇಕಾದ್ದು ಒಂದೇ: ಎಂಥದಾದರೂ ಸರಿ, ಒಂದು ಇಯರ್‌ಫೋನ್ ಹಾಕಿಕೊಳ್ಳಿ. ಸಂಯೋಜಕರೂ ಅಷ್ಟೆ, ಹಾಡನ್ನು ವಾಟ್ಸ್ಯಾಪಿನಲ್ಲಿ ವಿಡಿಯೊ ಮಾಡಿ ಕಳಿಸಿದರೆ ಅದು ಹಿಂಡಿ ಕುಗ್ಗಿಸುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಇದ್ದದ್ದು ಇದ್ದ ಹಾಗೇ ಹೋಗುತ್ತದೆ.

ಇಷ್ಟನ್ನೂ ಸಹಿಸಬಹುದು. ಸಹಿಸಲಾಗದವರು ಒಬ್ಬರಿದ್ದಾರೆ. ಪ್ರತಿ ಗುಂಪಿನಲ್ಲೂ ಇರುತ್ತಾರೆ, ಅದೇ-ಥರ-ಮಾವ ಅನ್ನೋಣ. ಅವರು ಸೂಪರ್ ಅನ್ನುವುದಿಲ್ಲ. ಅವರು ಹಾಡು ಕೇಳುತ್ತಾರೆ, ಅದೇ ಕಷ್ಟ. ಕೇಳಿ, ಒಂದು ಗಂಟೆ ಬಿಟ್ಟು, ‘ಚೆನ್ನಾಗಿದೆ. ಎಲ್ಲೋ ಕೇಳಿದ ಹಾಗಿದೆಯಲ್ಲ...’ ಅಂತ ಬರೆಯುತ್ತಾರೆ. ಆ ಮೂರು ಚುಕ್ಕೆಗಳಲ್ಲಿ ಒಂದು ಇಡೀ ಕಳ್ಳತನದ ಮೊಕದ್ದಮೆ ಇರುತ್ತದೆ. ಯಾವ ಹಾಡು ಅಂತ ಕೇಳಿದರೆ ‘ನಾಲಿಗೆ ತುದಿಯಲ್ಲಿದೆ’ ಅನ್ನುತ್ತಾರೆ. ಮಧ್ಯರಾತ್ರಿ ಒಂದು ವಾಯ್ಸ್ ನೋಟ್ ಬರುತ್ತದೆ. ಹೊಸ ಹಾಡನ್ನೊಮ್ಮೆ, ಹಳೆಯ ಹಾಡನ್ನೊಮ್ಮೆ ಸ್ವತಃ ಗುನುಗಿ, ‘ನೋಡಿ, ಒಂದೇ ಅಲ್ಲವೇ’ ಅನ್ನುತ್ತಾರೆ. ಒಂದೇ, ನಿಜ. ಅವರ ಗಂಟಲಿಗೆ ಬಿದ್ದ ಯಾವ ಎರಡು ಹಾಡಿಗೂ ವ್ಯತ್ಯಾಸ ಉಳಿಯುವುದಿಲ್ಲ. ಬೆಳಿಗ್ಗೆ ಮೂರು ಚಿತ್ರಗೀತೆಗಳ ಕೊಂಡಿ ಕಳಿಸುತ್ತಾರೆ: ಒಂದು ಮೋಹನ, ಒಂದು ಶಿವರಂಜನಿ, ಒಂದಕ್ಕೆ ರಾಗವೇ ಇಲ್ಲ. ಮೂರರಲ್ಲಿ ಯಾವುದರಿಂದ ಕದ್ದದ್ದು ಅಂತ ಆರಿಸಿಕೊಳ್ಳುವ ಸ್ವಾತಂತ್ರ್ಯ ಸಂಯೋಜಕರಿಗೆ ಬಿಟ್ಟದ್ದು.

ತಮಾಷೆ ಏನೆಂದರೆ ಮಾವನ ಕಿವಿ ಪೂರ್ತಿ ಸುಳ್ಳು ಹೇಳುತ್ತಿರುವುದಿಲ್ಲ. ಅವರು ಗುರುತು ಹಿಡಿದದ್ದು ತಬಲಾವನ್ನು. ನಮ್ಮ ಹವ್ಯಾಸಿಗಳಲ್ಲಿ ಬಹಳ ಮಂದಿ ಬಳಸುವುದು ಕೀಬೋರ್ಡಿನ ಒಳಗೇ ಇರುವ ಕಹರ್ವಾ, ದಾದ್ರಾ ತಾಳಗಳನ್ನು. ಇಲ್ಲವೇ ಪುಕ್ಕಟೆ ಸಿಗುವ ಲೂಪ್‌ಗಳನ್ನು, ಅಂದರೆ ಮೊದಲೇ ನುಡಿಸಿಟ್ಟ ತುಣುಕುಗಳನ್ನು. ಅದೇ ಎಂಟೋ ಆರೋ ಮಾತ್ರೆ, ಎಡಗೈಯ ಡಗ್ಗಾದ ಅದೇ ಗುಮುಕು, ತಾಳದ ನಾಲ್ಕು ಆವರ್ತಕ್ಕೊಮ್ಮೆ, ಅಂದರೆ ನಾಲ್ಕು ಸುತ್ತಿಗೊಮ್ಮೆ, ಮೂರು ಸಲ ಬಾರಿಸಿ ಮುಗಿಸುವ ಅದೇ ತಿಹಾಯಿ. ಒಂದೇ ಕೀಬೋರ್ಡಿನ ಮೇಲೆ ಹುಟ್ಟಿದ ಹಾಡುಗಳೆಲ್ಲ ದಾಯಾದಿಗಳ ಹಾಗೆ ಕಾಣುವುದರಲ್ಲಿ ಆಶ್ಚರ್ಯವಿಲ್ಲ. ಎರಡನೆಯ ಕಾರಣ ರಾಗ. ಮೋಹನಕ್ಕೆ ಇರುವುದೇ ಐದು ಸ್ವರ: ಸ ರಿ ಗ ಪ ದ. ಹಿಂದೂಸ್ತಾನಿಯ ಭೂಪಾಲಿಯಲ್ಲೂ ಅವೇ ಐದು. ಚೀನಾದ ಜನಪದದಲ್ಲೂ ಸ್ಕಾಟ್ಲೆಂಡಿನ ಜನಪದದಲ್ಲೂ ಆ ಐದೇ ಸ್ವರಗಳ ಮಟ್ಟುಗಳು ಸಿಗುತ್ತವೆ. ಅವರೆಲ್ಲ ಒಬ್ಬರಿಂದೊಬ್ಬರು ಕದ್ದರು ಅಂತ ಮಾವ ಇನ್ನೂ ಬರೆದಿಲ್ಲ.

ಅನುಮಾನ ಬಂದರೆ ಪರೀಕ್ಷೆ ಸುಲಭ. ತಬಲಾ ಬಿಟ್ಟು, ಮಾತು ಬಿಟ್ಟು, ಬರೀ ಪಲ್ಲವಿಯ ಮೊದಲ ಆವರ್ತವನ್ನು ಕೈಯಲ್ಲಿ ತಾಳ ಹಾಕಿಕೊಂಡು ಹಾಡಿ, ಸ್ವರ ಬರೆದುಕೊಳ್ಳಿ. ಎತ್ತುಗಡೆ, ಅಂದರೆ ಹಾಡಿನ ಆರಂಭ, ಎಲ್ಲಿದೆ, ತಾಳದ ಮೊದಲ ಪೆಟ್ಟಾದ ಸಮದಲ್ಲೋ ಅರ್ಧ ಎಣಿಕೆ ಬಿಟ್ಟೋ? ಸಾಲು ಯಾವ ಸ್ವರದ ಮೇಲೆ ನಿಲ್ಲುತ್ತದೆ? ಇವೆರಡೂ ಬೇರೆಯಾಗಿದ್ದರೆ ಹಾಡು ಬೇರೆ. ಇವೆರಡೂ ಒಂದೇ ಆಗಿ, ಸ್ವರಗಳ ಸಾಲೂ ಒಂದೇ ಆಗಿದ್ದರೆ ಮಾವನಿಗೆ ಒಂದು ಫೋನ್ ಮಾಡಿ. ಪಾಪ, ಅಪರೂಪಕ್ಕೆ ಗೆದ್ದಿರುತ್ತಾರೆ.

ಈ ಮಾವನಿಗೆ ಒಂದು ಯಂತ್ರಾವತಾರವೂ ಉಂಟು: ಹಾಡುಗಳನ್ನು ಹೋಲಿಸಿ ಹಕ್ಕು ಗುರುತಿಸುವ ಯೂಟ್ಯೂಬಿನ ವ್ಯವಸ್ಥೆ, ಕಂಟೆಂಟ್ ಐಡಿ. ಯಾರೋ ಅದೇ ಪುಕ್ಕಟೆ ಲೂಪ್ ಬಳಸಿ ತಮ್ಮ ಹಾಡನ್ನು ಮೊದಲೇ ನೋಂದಾಯಿಸಿದ್ದರೆ, ನಿಮ್ಮ ಸ್ವಂತ ರಾಗದ ಮೇಲೆ ಅವರ ಹಕ್ಕಿನ ಚೀಟಿ ಬಂದು ಅಂಟಿಕೊಳ್ಳುತ್ತದೆ. ಲೂಪ್ ಇಳಿಸಿಕೊಂಡ ದಿನವೇ ಅದರ ಪರವಾನಗಿಯ ಪುಟವನ್ನು ಉಳಿಸಿಟ್ಟುಕೊಂಡಿದ್ದರೆ ತಕರಾರು ಹಾಕಬಹುದು. ಎದುರು ಪಕ್ಷಕ್ಕೆ ಉತ್ತರಿಸಲು 30 ದಿನ. ಮಾವನಿಗಿಂತ ವಾಸಿ, ಮಾವನಿಗೆ ಗಡುವೇ ಇಲ್ಲ.

ಅಪಸ್ವರ ತಿದ್ದುವ ಸಾಫ್ಟ್‌ವೇರ್ ಆಟೋಟ್ಯೂನ್ ಬಗ್ಗೆ ಚುಟುಕಾಗಿ ಹೇಳಿ ಮುಗಿಸುತ್ತೇನೆ, ಹೆಚ್ಚು ಹೇಳಿದರೆ ರಕ್ತದೊತ್ತಡ. ಅದಕ್ಕೆ ಗೊತ್ತಿರುವುದು ಸ್ವರದ ಹನ್ನೆರಡು ಮೆಟ್ಟಿಲು. ತೋಡಿ ರಾಗದ ಗಾಂಧಾರ ನಿಂತಲ್ಲಿ ನಿಲ್ಲುವ ಸ್ವರವಲ್ಲ, ಅಕ್ಕಪಕ್ಕದ ಮನೆಗಳಿಗೆಲ್ಲ ಹೋಗಿಬರುವಂಥದ್ದು. ತಿದ್ದುವ ವೇಗವನ್ನು ಗರಿಷ್ಠಕ್ಕೆ ಇಟ್ಟರೆ ಅದು ಆ ಓಲಾಟವನ್ನು, ಅಂದರೆ ಗಮಕವನ್ನು, ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿ ಗಾಯಕರಿಗೆ ಬಿಕ್ಕಳಿಕೆ ತರಿಸುತ್ತದೆ. ತಿದ್ದಲೇಬೇಕಿದ್ದರೆ ವೇಗ ತಗ್ಗಿಸಿ, ಉದ್ದಕ್ಕೆ ನಿಲ್ಲಿಸಿದ ಸ್ವರಗಳಿಗೆ ಮಾತ್ರ ಹಾಕಿ, ಗಮಕಗಳ ತಂಟೆಗೆ ಹೋಗಬೇಡಿ.

ಹಾಡಿನ ಕೆಳಗೆ ‘ಸಾಹಿತ್ಯ: ಸಂಗ್ರಹ’ ಅಂತ ಬರೆಯುವವರ ಮೇಲೂ ಒಂದು ಸಿಟ್ಟಿದೆ. ಸಂಗ್ರಹ ಅನ್ನುವ ಕವಿ ನಮ್ಮಲ್ಲಿ ಯಾರೂ ಇಲ್ಲ. ಭಾರತದ ಕಾಯ್ದೆಯಂತೆ ಕವಿತೆಯ ಹಕ್ಕು ಕವಿ ತೀರಿಕೊಂಡ ಮರುವರ್ಷದಿಂದ 60 ವರ್ಷ ಇರುತ್ತದೆ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ, ಅಂದರೆ 2041 ಮುಗಿಯುವವರೆಗೆ ಅವರ ಕವಿತೆಗೆ ರಾಗ ಹಾಕಿ ಪ್ರಕಟಿಸಲು ಅನುಮತಿ ಬೇಕು. ವಚನಗಳಿಗೆ, ದಾಸರ ಪದಗಳಿಗೆ, ಶರೀಫರ ತತ್ವಪದಗಳಿಗೆ ಈ ತೊಡಕಿಲ್ಲ. ಬರೆದವರ ಹೆಸರು ಹಾಕಲು ಮಾತ್ರ ಎಲ್ಲಕ್ಕೂ ಜಾಗ ಇರುತ್ತದೆ, ದುಡ್ಡೂ ಖರ್ಚಾಗುವುದಿಲ್ಲ.

ಸಿ. ಅಶ್ವಥ್ ಅವರೂ ಬೆಂಗಳೂರಿನ ಐಟಿಐ ಅನ್ನುವ ದೂರವಾಣಿ ಕಾರ್ಖಾನೆಯಲ್ಲಿ ಉದ್ಯೋಗ ಮಾಡಿಕೊಂಡೇ ರಾಗ ಹಾಕುತ್ತಿದ್ದವರು. 1978ರಲ್ಲಿ ನಿಸಾರ್ ಅಹಮದರ ಗೀತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ ಕ್ಯಾಸೆಟ್ ಬಂತು, ಮನೆಮನೆಯ ಟೇಪ್‌ರೆಕಾರ್ಡರಿಗೆ ಭಾವಗೀತೆ ಇಳಿಯಿತು. ಆಗ ಆಕಾಶವಾಣಿಯ ಆಡಿಷನ್ ದಾಟದವರ ರಾಗ ಮನೆಯ ಹೊಸಿಲು ದಾಟುತ್ತಿರಲಿಲ್ಲ. ಮಗುವನ್ನು ಮಲಗಿಸುವಾಗ ಕಟ್ಟಿದ ಜೋಗುಳ, ಅಕ್ಕನ ಮದುವೆಗೆ ಕಟ್ಟಿದ ಹಸೆ ಹಾಡು, ಕಟ್ಟಿದವರ ಜೊತೆಗೇ ಹೋಗುತ್ತಿತ್ತು. ಈಗ ಹೊಸಿಲು ಇಲ್ಲ. ಆದರೂ ಎಷ್ಟೋ ಹಾಡುಗಳ ಏಕೈಕ ಪ್ರತಿ ಇರುವುದು ಒಂದು ಹಳೆಯ ಫೋನಿನಲ್ಲಿ. ಫೋನ್ ಬದಲಾಯಿಸಿದ ದಿನ ಹಾಡೂ ಹೋಯಿತು. ಮೂಲ ಮುದ್ರಣವನ್ನು, ಸಾಧ್ಯವಾದರೆ ಧ್ವನಿ, ತಬಲಾ, ತಂಬೂರಿ ಬೇರೆ ಬೇರೆಯಾಗಿ, ಕುಗ್ಗಿಸದ ವೇವ್ ಕಡತಗಳಾಗಿ ಇನ್ನೊಂದು ಕಡೆ ಇಟ್ಟುಕೊಳ್ಳಿ. ಐದು ನಿಮಿಷದ ಸ್ಟೀರಿಯೊ ಕಡತಕ್ಕೆ ಸುಮಾರು 50 ಎಂಬಿ. ಅದಕ್ಕಿಂತ ಹೆಚ್ಚು ಜಾಗವನ್ನು ನಮ್ಮ ಫೋನುಗಳಲ್ಲಿ ಶುಭೋದಯದ ಗುಲಾಬಿಗಳು ತಿಂದಿರುತ್ತವೆ.

ಮೆಚ್ಚುವುದಿದ್ದರೆ ಹೇಗೆ ಮೆಚ್ಚಬೇಕು? ಜಾಗ ತೋರಿಸಿ. ‘1:52ರಲ್ಲಿ ಚರಣದ ಎರಡನೇ ಸಾಲು ಪಂಚಮದಿಂದ ಇಳಿಯುವುದು ಬಹಳ ಹಿಡಿಸಿತು’ ಅಂದರೆ ಸಂಯೋಜಕರು ಆ ವಾರವಿಡೀ ಬೀಗುತ್ತಾರೆ. ಅವರು ಹತ್ತು ಸಲ ಹಾಡಿ ಅಳಿಸಿದ್ದು ಆ ಸಾಲನ್ನೇ ಇರಬಹುದು. ತಪ್ಪೂ ಹಾಗೆಯೇ: ‘2:41ರಲ್ಲಿ ತಾರ ಷಡ್ಜ ಒಂದು ಕೂದಲೆಳೆ ಕೆಳಗಿದೆ.’

ಹಾಗೆ ಹೇಳಿದವರಿಗೆ ಏನಾಗುತ್ತದೆ ಅನ್ನುವುದನ್ನೂ ಹೇಳಿಬಿಡಬೇಕು. ‘ಪ್ರಾಮಾಣಿಕ ಅಭಿಪ್ರಾಯ ತಿಳಿಸಿ’ ಅಂತ ಕೇಳಿಕೊಂಡಿದ್ದ ಸಂಯೋಜಕರು ಮೊದಲು ತಪ್ಪನ್ನು ಮೈಕಿನ ಮೇಲೆ ಹಾಕುತ್ತಾರೆ. ಆಮೇಲೆ ಶೀತವಾಗಿತ್ತು ಅನ್ನುತ್ತಾರೆ. ಕೊನೆಗೆ, ಅದು ಬೇಕೆಂದೇ ಇಳಿಸಿದ್ದು, ಕವಿಯ ನೋವನ್ನು ತರಲು, ಅನ್ನುತ್ತಾರೆ. ಎರಡು ದಿನ ಮಾತಿಲ್ಲ. ಮೂರನೆಯ ದಿನ ‘ಫೈನಲ್ ಹೊಸದು 3’ ಅನ್ನುವ ಹೆಸರಿನಲ್ಲಿ ಹಾಡು ಮತ್ತೆ ಬರುತ್ತದೆ. ಷಡ್ಜ ಸರಿಯಾಗಿರುತ್ತದೆ. ಕವಿಯ ನೋವು ಎಲ್ಲಿ ಹೋಯಿತು ಅಂತ ಕೇಳಬೇಡಿ.