ತೂಕ ಮಾತ್ರವಲ್ಲ, ಪಾತ್ರೆಯ ಆಕಾರವೂ ಮುಖ್ಯ

ಯುರೇನಿಯಂ ಘಟಕಗಳಲ್ಲಿ ತಾನಾಗಿಯೇ ಸರಪಳಿ ಕ್ರಿಯೆ (ಒಂದು ಪರಮಾಣು ಒಡೆದಾಗ ಹೊರಬರುವ ನ್ಯೂಟ್ರಾನ್ ಕಣಗಳು ಇನ್ನಷ್ಟು ಪರಮಾಣುಗಳನ್ನು ಒಡೆಯುತ್ತಾ ಹೋಗುವುದು) ಹತ್ತಿಕೊಳ್ಳುವ ಅಪಘಾತಗಳ ಬಗ್ಗೆ ನೀವು ಪ್ರಕಟಿಸಿದ ಲೇಖನ ಓದಿದೆ. ಅದನ್ನು ತಡೆಯಲು ಮಿತಿಗಿಂತ ಜಾಸ್ತಿ ಯುರೇನಿಯಂ ಒಂದೆಡೆ ಸೇರದಂತೆ ನೋಡಿಕೊಂಡರೆ ಸಾಕು ಎಂಬ ಅರ್ಥ ಅದರಲ್ಲಿ ಬರುತ್ತದೆ. ಮಾತು ತಪ್ಪಲ್ಲ, ಆದರೆ ಅರ್ಧ ಮಾತ್ರ. ಅಷ್ಟೇ ಯುರೇನಿಯಂ ಇರುವ ದ್ರಾವಣ ಉದ್ದನೆಯ ಸಣಕಲು ಕೊಳವೆಯಲ್ಲಿದ್ದರೆ ನ್ಯೂಟ್ರಾನ್‌ಗಳು ಪಕ್ಕದಿಂದ ಹೊರಗೆ ಹೋಗಿಬಿಡುತ್ತವೆ. ಸರಪಳಿ ಕ್ರಿಯೆ ಹತ್ತಿಕೊಳ್ಳುವುದಿಲ್ಲ. ದಪ್ಪ ತೊಟ್ಟಿಗೆ ಸುರಿದರೆ ಅವು ಒಳಗೇ ಉಳಿದು ಇನ್ನಷ್ಟು ಪರಮಾಣುಗಳನ್ನು ಒಡೆಯುತ್ತವೆ.

ಜಪಾನಿನ ಟೋಕೈಮುರಾದ ಯುರೇನಿಯಂ ಇಂಧನ ತಯಾರಿಸುವ ಘಟಕದಲ್ಲಿ 1999ರ ಸೆಪ್ಟೆಂಬರ್ 30ರಂದು ಆಗಿದ್ದು ಇದೇ ಅಲ್ವಾ? ಅಲ್ಲಿ ಒಮ್ಮೆಗೆ ಬಳಸಬಹುದಾದ ಮಿತಿ ಇದ್ದದ್ದು 2.4 ಕೆ.ಜಿ. ಯುರೇನಿಯಂ. ಕೆಲಸ ಬೇಗ ಮುಗಿಯಲಿ ಎಂದು ಕೆಲಸಗಾರರು ಸ್ಟೀಲ್ ಬಕೆಟ್, ಫನಲ್ ಹಿಡಿದು ಸುಮಾರು 16 ಕೆ.ಜಿ. ಯುರೇನಿಯಂ ಇದ್ದ ದ್ರಾವಣವನ್ನು ದಪ್ಪ ತೊಟ್ಟಿಗೆ ಸುರಿದರು. ನೀಲಿ ಬೆಳಕು ಮಿಂಚಿತು, ಅಲಾರಂ ಕೂಗಿತು. ಆಮೇಲೆ ಸುಮಾರು 20 ಗಂಟೆ ಕ್ರಿಯೆ ನಿಲ್ಲಲೇ ಇಲ್ಲ. ಯಾಕೆಂದರೆ ತೊಟ್ಟಿಯನ್ನು ತಂಪು ಮಾಡಲು ಸುತ್ತ ಇದ್ದ ನೀರು, ಹೊರಬಂದ ನ್ಯೂಟ್ರಾನ್‌ಗಳನ್ನು ವಾಪಸ್ ಒಳಗೆ ಕಳಿಸುತ್ತಿತ್ತು. ಆ ನೀರನ್ನು ಹೊರಗೆ ಬಿಟ್ಟ ಮೇಲೆಯೇ ಅದು ಅಡಗಿದ್ದು. ನಂತರ ಬೋರಿಕ್ ಆಸಿಡ್ ಕೂಡ ಹಾಕಿದರು, ಬೋರಾನ್ ನ್ಯೂಟ್ರಾನ್‌ಗಳನ್ನು ನುಂಗುತ್ತದೆ. ಇಬ್ಬರು ಕೆಲಸಗಾರರು ತೀರಿಕೊಂಡರು.

ಇಂಥ ಅಪಘಾತಗಳಿಗೆ 'ಕೆಲಸಗಾರರ ಅಜಾಗರೂಕತೆ' ಕಾರಣ ಎಂದು ಲೇಖನ ಒಂದೇ ಸಾಲಿನಲ್ಲಿ ಮುಗಿಸಿದ್ದು ನನಗೆ ನಿಜಕ್ಕೂ ಬೇಸರ ತಂದಿತು. ಟೋಕೈಮುರಾದವರಿಗೆ ಈ ಅಪಾಯದ ಬಗ್ಗೆ ಸರಿಯಾದ ತರಬೇತಿಯೇ ಸಿಕ್ಕಿರಲಿಲ್ಲ. ಬಕೆಟ್ ಬಳಸುವ ಅಡ್ಡದಾರಿಯನ್ನು ಕಂಪನಿಯೇ ತನ್ನ ಕೈಪಿಡಿಯಲ್ಲಿ ಬರೆದುಕೊಂಡಿತ್ತು, ಸರ್ಕಾರದ ಒಪ್ಪಿಗೆ ಇಲ್ಲದೆ. ಸುರಕ್ಷಿತ ಆಕಾರದ ಸಣಕಲು ಪಾತ್ರೆ ಅದೇ ಘಟಕದಲ್ಲಿತ್ತು. ಸತ್ತವರ ಮೇಲೆ ಸುಮ್ನೆ ತಪ್ಪು ಹೊರಿಸುವ ಆ ಸಾಲನ್ನು ದಯವಿಟ್ಟು ತಿದ್ದಿ.