ನನ್ನ ಹವ್ಯಾಸ, ಒಂದು ಲೋಟ ಮೈದಾ

“ಹವ್ಯಾಸವು ಮಾನವನ ಜೀವನದಲ್ಲಿ ಮಹತ್ತರವಾದ ಪಾತ್ರವನ್ನು ವಹಿಸುತ್ತದೆ.”

ಶಾಲೆಯ ಭಿತ್ತಿಪತ್ರಿಕೆಗೆ ಮೊದಲ ಸಲ ಬರೆಯುವ ವಿದ್ಯಾರ್ಥಿ ಯಾರೇ ಆಗಿರಲಿ, ಹವ್ಯಾಸ ಏನೇ ಆಗಿರಲಿ, ಮೊದಲ ವಾಕ್ಯ ಮಾತ್ರ ಇದೇ. ಗಪ್ಪಿ ಮೀನು ಸಾಕುವವನೂ ಇದನ್ನೇ ಬರೆಯುತ್ತಾನೆ, ಬೆಂಕಿಪೊಟ್ಟಣದ ಚಿತ್ರ ಕೂಡಿಡುವವಳೂ ಇದನ್ನೇ ಬರೆಯುತ್ತಾಳೆ. ಎರಡನೇ ಪ್ಯಾರಾ “ಇಂದಿನ ಒತ್ತಡದ ಬದುಕಿನಲ್ಲಿ” ಎಂದು ಶುರು. ಒಂಬತ್ತನೇ ಕ್ಲಾಸಿನ ಹುಡುಗನಿಗೆ ಅದೆಂಥ ಒತ್ತಡ ಎಂದು ಕೇಳಬೇಡಿ, ಪ್ರಬಂಧದ ಗೈಡಿನಲ್ಲಿ ಹಾಗಿದೆ. ಮೂರನೇ ಪ್ಯಾರಾದಲ್ಲಿ ಮಾನವ ಚಕ್ರ ಕಂಡುಹಿಡಿಯುತ್ತಾನೆ. ಪುಟ ಮುಗಿಯುತ್ತ ಬಂದಾಗ ತಟ್ಟನೆ ಎಚ್ಚರವಾಗಿ, ಒಂದೂವರೆ ಸಾಲಿನಲ್ಲಿ ಅಸಲು ವಿಷಯ: “ನನಗೆ ಬಸ್ಸು ನೋಡುವುದೆಂದರೆ ಇಷ್ಟ. ನಂಬರ್ ಬರೆದಿಟ್ಟುಕೊಳ್ಳುತ್ತೇನೆ.”

ಅಲ್ಲಾ ಮಾರಾಯ, ಇದನ್ನು ಮೊದಲೇ ಹೇಳಬಾರದೆ?

ಇಂಥ ಹುಡುಗನನ್ನು ಹಾಸನದ ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಬಾಯಿ ಬಿಡಿಸಬೇಕು. ನಂಬರಿನ ನಡುವೆ ಎಫ್ ಬಂದರೆ ಸರ್ಕಾರಿ ಸಾರಿಗೆಯ ಬಸ್ಸು. ಕೆಎ-13 ಹಾಸನದ್ದೇ, ಕೆಎ-18 ಚಿಕ್ಕಮಗಳೂರು, ಕೆಎ-09 ಮೈಸೂರು, ಕೆಎ-19 ಮಂಗಳೂರು. ಧರ್ಮಸ್ಥಳದ ಕಡೆಯಿಂದ ಘಾಟಿ ಹತ್ತಿ ಬರುವ ಬಸ್ಸುಗಳಲ್ಲಿ ಕೆಎ-21 ಹೆಚ್ಚು ಕಾಣುವುದೇಕೆ ಎಂದರೆ, 21 ಪುತ್ತೂರಿನದು, ಧರ್ಮಸ್ಥಳ ಡಿಪೋ ಪುತ್ತೂರು ವಿಭಾಗಕ್ಕೆ ಸೇರಿದ್ದು. ಬೋರ್ಡು ಓದುವ ಮೊದಲೇ ಸದ್ದಿನ ಮೇಲೆ ಲೇಲ್ಯಾಂಡೋ ಟಾಟಾನೋ ಹೇಳಿಬಿಡುವ ಹುಡುಗರಿದ್ದಾರೆ. ಇಷ್ಟೆಲ್ಲ ಬಲ್ಲವನು ಕಾಗದದ ಮುಂದೆ ಕೂತ ತಕ್ಷಣ ಮಾನವನ ಜೀವನಕ್ಕೆ ಹೊರಟುಹೋಗುತ್ತಾನೆ. ಹೀಗಾಗುವುದಕ್ಕೆ ಒಂದು ಕಾರಣವಿದೆ. ಅದನ್ನು ಹೇಳಬೇಕೆಂದೇ ಈ ಬರಹ. ಆದರೆ ಮೊದಲು ಹಾಳೆಯ ಲೆಕ್ಕ ಮುಗಿಸಿಬಿಡೋಣ. ಹಾಳೆಯಲ್ಲಿ ಜಾಗವಿಲ್ಲದಿದ್ದರೆ ಕಾರಣ ಕಟ್ಟಿಕೊಂಡು ಏನು ಮಾಡುವುದು?

ಅಂಗಡಿಯಲ್ಲಿ ಸಿಗುವ ಪೂರ್ತಿ ಚಾರ್ಟ್ ಹಾಳೆ 22 ಇಂಚು ಅಗಲ, 28 ಇಂಚು ಉದ್ದ. ಅಂದರೆ ಸುಮಾರು 56 ಸೆಂ.ಮೀ., 71 ಸೆಂ.ಮೀ. ಸುತ್ತಲೂ 3 ಸೆಂ.ಮೀ. ಅಂಚು ಬಿಟ್ಟು, ಪತ್ರಿಕೆಯ ಹೆಸರಿಗೆ ಮೇಲೆ 10 ಸೆಂ.ಮೀ. ಕೊಟ್ಟರೆ ಉಳಿಯುವ ಜಾಗದಲ್ಲಿ 15 ಸೆಂ.ಮೀ. ಅಗಲದ ಮೂರು ಕಾಲಂ ಕೂರುತ್ತವೆ. ಎರಡಡಿ ದೂರ ನಿಂತು ಓದಬೇಕಾದ್ದರಿಂದ ಅಕ್ಷರ 5 ಮಿ.ಮೀ.ಗಿಂತ ಚಿಕ್ಕದಿರಬಾರದು. ಸಾಲಿನಿಂದ ಸಾಲಿಗೆ 12 ಮಿ.ಮೀ. ಬೇಕೇ ಬೇಕು. ಇಂಗ್ಲಿಷ್ ಬರೆದ ಅಭ್ಯಾಸದಲ್ಲಿ 8 ಮಿ.ಮೀ.ಗೆ ಗೆರೆ ಎಳೆದರೆ ಮೇಲಿನ ಸಾಲಿನ ‘ವೈಶಿಷ್ಟ್ಯ’ದ ಎರಡಂತಸ್ತಿನ ಒತ್ತು ಇಳಿದು ಬಂದು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ. ಈ ಲೆಕ್ಕದಲ್ಲಿ ಕಾಲಮಿಗೆ 45 ಸಾಲು, ಸಾಲಿಗೆ ನಾಲ್ಕೈದು ಪದ. ಇಡೀ ಹಾಳೆಗೆ 600 ಪದ. ಒಂದು ಚಿತ್ರ, ಎರಡು ತಲೆಬರಹ ಹಾಕಿದಿರೋ, 450.

ಹುಡುಗ ತಂದಿರುವುದು ನೋಟ್‌ಬುಕ್ಕಿನ ಆರು ಪುಟ. ಲೆಕ್ಕ ಹಾಕದೆ ನೇರ ಬರೆಯಲು ಕೂತರೆ ಏನಾಗುತ್ತದೆಂದು ಯಾವ ಶಾಲೆಯ ಗೋಡೆ ನೋಡಿದರೂ ತಿಳಿಯುತ್ತದೆ. ಮೊದಲ ಕಾಲಮಿನಲ್ಲಿ ಮಾನವ ಜೀವನ ದಪ್ಪ ಅಕ್ಷರದಲ್ಲಿ ಆರಾಮಾಗಿ ಕಾಲು ಚಾಚಿರುತ್ತದೆ. ಎರಡನೆಯದರಲ್ಲಿ ಅಕ್ಷರ ಮೆಲ್ಲಗೆ ಕುಗ್ಗುತ್ತದೆ. ಮೂರನೆಯದರ ತಳಕ್ಕೆ ಬರುವಷ್ಟರಲ್ಲಿ ಬಸ್ಸಿನ ವಿಷಯ ಭೂತಗನ್ನಡಿ ಬೇಡುವಷ್ಟು ಸಣ್ಣಗಾಗಿ, ಅಂಚಿನಲ್ಲಿ ಅಡ್ಡ ತಿರುಗಿ ಮೇಲಕ್ಕೆ ಹತ್ತಿರುತ್ತದೆ. ಮೊದಲ ಮೂರು ಪ್ಯಾರಾ ಹೊಡೆದುಹಾಕಿ ಎಂದರೆ ಹುಡುಗನಿಗಲ್ಲ, ಅವನ ಮೇಷ್ಟ್ರಿಗೆ ಸಂಕಟ. “ಪೀಠಿಕೆ ಇಲ್ಲದೆ ಹೇಗೆ?” ಪರೀಕ್ಷೆಯಲ್ಲಿ ಪೀಠಿಕೆಗೆ ಅಂಕವಿದೆ, ಒಪ್ಪೋಣ. ನಲ್ಲಿಯ ಮುಂದೆ ನೀರಿಗೆ ಸಾಲು ನಿಂತು ಓದುವವನು ಅಂಕ ಕೊಡುವುದಿಲ್ಲ, ಮುಂದಿನ ಹಾಳೆಗೆ ಹೋಗುತ್ತಾನೆ.

ಬರೆಯುವ ಸಾಮಾನಿನ ಬಗ್ಗೆ ಎರಡು ಮಾತು ಸಾಕು. ಗೆರೆಗೆ ಎಚ್‌ಬಿ ಪೆನ್ಸಿಲ್, ಒತ್ತದೆ. ಬರಹಕ್ಕೆ ಕಪ್ಪು ಇಂಡಿಯನ್ ಇಂಕ್. ಅದರಲ್ಲಿರುವುದು ಹೊಗೆಯ ಮಸಿ, ಬಿಸಿಲಿಗೆ ಬಣ್ಣ ಬಿಡುವುದಿಲ್ಲ. ಸ್ಕೆಚ್ ಪೆನ್ನಿನ ಕೆಂಪು, ನೇರಳೆ ಕೆಲವು ವಾರಗಳಲ್ಲೇ ಬಿಳಿಚಿಕೊಳ್ಳುತ್ತವೆ. ಹಳದಿಯಲ್ಲಿ ತಲೆಬರಹ ಬರೆಯುವವರಿಗೆ ಏನು ಹೇಳಬೇಕೋ ತೋಚುವುದಿಲ್ಲ. ಶಾಯಿ ಪೂರ್ತಿ ಒಣಗಿದ ಮೇಲೆ ರಬ್ಬರ್ ಹಾಕಬೇಕು, ಆತುರಪಟ್ಟರೆ ಅರ್ಧ ಲೇಖನ ಬೂದಿ ಬಣ್ಣದ ಮೋಡ.

ಇಷ್ಟು ಕಷ್ಟ ಯಾಕೆ, ಕಂಪ್ಯೂಟರಿನಲ್ಲಿ ಟೈಪ್ ಮಾಡಿಸಿ ಎ4 ಪ್ರಿಂಟ್ ಅಂಟಿಸಿದರಾಯಿತು ಎನ್ನುವವರಿದ್ದಾರೆ. ಅಂಟಿಸಿ, ಬೇಡವೆಂದವರಾರು? ಆದರೆ 12 ಪಾಯಿಂಟಿನಲ್ಲಿ ಒತ್ತೊತ್ತಾಗಿ ಎರಡು ಪುಟ ಅಂಟಿಸಿದರೆ ಅದು ಬರಹದಂತೆ ಕಾಣುವುದಿಲ್ಲ, ಟೆಂಡರ್ ಪ್ರಕಟಣೆಯಂತೆ ಕಾಣುತ್ತದೆ. ಗೋಡೆಗೆ 24 ಪಾಯಿಂಟ್ ಬೇಕು. ಕೈಬರಹ ಎಂದರೆ ಹಳ್ಳಿಗುಗ್ಗು ಎಂಬ ನಾಚಿಕೆಯಂತೂ ಅನಗತ್ಯ. 1843ರ ಜುಲೈ 1ರಂದು ಮಂಗಳೂರಿನಲ್ಲಿ ಹರ್ಮನ್ ಮೊಗ್ಲಿಂಗ್ ಹೊರತಂದ ‘ಮಂಗಳೂರ ಸಮಾಚಾರ’ ಕನ್ನಡದ ಮೊದಲ ಪತ್ರಿಕೆ. ಅದು ಕಲ್ಲಚ್ಚಿನಲ್ಲಿ ಬಂದದ್ದು. ಕಲ್ಲಚ್ಚಿಗೆ ಅಚ್ಚಿನ ಮೊಳೆ ಜೋಡಿಸುವುದಿಲ್ಲ. ಜಿಡ್ಡಿನ ಶಾಯಿಯಲ್ಲಿ ಕೈಯಿಂದ ಬರೆದದ್ದು ಕಲ್ಲಿನ ಮೇಲೆ ಕೂರುತ್ತದೆ; ಕಲ್ಲನ್ನು ಒದ್ದೆ ಮಾಡಿ ಶಾಯಿ ಉರುಳಿಸಿದರೆ ಜಿಡ್ಡಿರುವಲ್ಲಿ ಮಾತ್ರ ಹಿಡಿಯುತ್ತದೆ. ಕನ್ನಡ ಪತ್ರಿಕೆಯೇ ಕೈಬರಹದಲ್ಲಿ ಕಣ್ಣು ಬಿಟ್ಟಿರುವಾಗ ನಿಮ್ಮ ಶಾಲೆಯದೇನು ಹೆಚ್ಚು?

ಇನ್ನು ಅಂಟು. ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಭಿತ್ತಿಪತ್ರಿಕೆಗಳು ಸಾಹಿತ್ಯದ ಕೊರತೆಯಿಂದ ಸತ್ತದ್ದಕ್ಕಿಂತ ಕೆಟ್ಟ ಅಂಟಿನಿಂದ ಸತ್ತದ್ದು ಜಾಸ್ತಿ. ಸೆಲ್ಲೋ ಟೇಪ್ ಹಳದಿಯಾಗಿ, ಅಂಚಿನಲ್ಲಿ ಜಿನುಗಿ, ಧೂಳು ಕಟ್ಟುತ್ತದೆ. ಡಬಲ್ ಟೇಪ್ ಕಿತ್ತರೆ ಗೋಡೆಯ ಬಣ್ಣವೂ ಜೊತೆಗೇ ಬರುತ್ತದೆ, ಆಮೇಲೆ ಹೆಡ್ ಮಾಸ್ತರರೂ ಬರುತ್ತಾರೆ. ಬಿಳಿ ಫೆವಿಕಾಲ್ ಮರಕ್ಕೆ ಒಳ್ಳೆಯದು. ಒಮ್ಮೆ ಒಣಗಿದರೆ ನೀರು ಹಾಕಿ ಬಿಡಿಸಲಾಗುವುದಿಲ್ಲ. ಉಳಿದದ್ದು ಮೈದಾ.

ಒಂದು ಲೋಟ ಮೈದಾಕ್ಕೆ ಐದು ಲೋಟ ನೀರು. ಮೊದಲು ಒಂದು ಲೋಟ ತಣ್ಣೀರಿನಲ್ಲಿ ಮೈದಾ ಕಲಸಿ ಗಂಟಿಲ್ಲದಂತೆ ಕದಡಬೇಕು. ಉಳಿದ ನಾಲ್ಕು ಲೋಟ ಒಲೆಯ ಮೇಲೆ ಕಾಯುತ್ತಿರಲಿ. ಸೋಮಾರಿಗಳು ಕುದಿಯುವ ನೀರಿಗೆ ನೇರ ಮೈದಾ ಸುರಿಯುತ್ತಾರೆ. ಗೋಧಿಯ ಪಿಷ್ಟ 60 ಡಿಗ್ರಿ ಸೆಲ್ಸಿಯಸ್‌ ಆಚೀಚೆ ನೀರು ಕುಡಿದು ಉಬ್ಬತೊಡಗುತ್ತದೆ. ಹಿಟ್ಟಿನ ಮುದ್ದೆ ಕುದಿನೀರಿಗೆ ಬಿದ್ದರೆ ಹೊರಮೈ ತಕ್ಷಣ ಬೆಂದು ಪೊರೆ ಕಟ್ಟಿಕೊಳ್ಳುತ್ತದೆ, ಒಳಗಿನ ಒಣಹಿಟ್ಟಿಗೆ ನೀರಿನ ದಾರಿಯೇ ಬಂದ್. ಆ ಗಂಟುಗಳನ್ನು ಆಮೇಲೆ ಎಷ್ಟು ತಿರುವಿದರೂ ಪ್ರಯೋಜನವಿಲ್ಲ. ಕಾಗದದಡಿ ಸೇರಿಕೊಂಡು, ಕವಿತೆಯ ನಡುವೆ ಬೊಕ್ಕೆ ಎದ್ದಂತೆ ಕಾಣುತ್ತವೆ. ಕದಡಿದ್ದನ್ನು ಬಿಸಿನೀರಿಗೆ ಸಣ್ಣ ಧಾರೆಯಾಗಿ ಬಿಡುತ್ತ, ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವುತ್ತಿರಬೇಕು. ಬಿಳುಪು ಹೋಗಿ ಅರೆಪಾರದರ್ಶಕವಾಗಿ ಹೊಳಪು ಬಂದಾಗ ಇಳಿಸಬೇಕು. ಬಿಳಿಯಾಗಿಯೇ ಇದ್ದರೆ ಬೆಂದಿಲ್ಲ, ಅಂಥದ್ದು ಒಣಗಿ ಪುಡಿಯಾಗಿ ಉದುರುತ್ತದೆ. ಆರಿದ ಮೇಲೆ ಇನ್ನಷ್ಟು ಗಟ್ಟಿಯಾಗುವುದರಿಂದ ಇಳಿಸುವಾಗ ತುಸು ತೆಳುವೇ ಇರಲಿ.

(ಆ ಮೊದಲ ವಾಕ್ಯದ ಕಾರಣಕ್ಕೆ ಬರುತ್ತೇನೆ. ಒಲೆಯ ಮೇಲಿರುವುದು ತಳ ಹಿಡಿಯುವ ಮೊದಲು ಇದನ್ನು ಮುಗಿಸಬೇಕು.)

ಈ ಅಂಟು ಮುಚ್ಚಿಟ್ಟರೂ ಎರಡು ದಿನಕ್ಕೆ ಹುಳಿಯಾಗಿ ನೀರೊಡೆಯುತ್ತದೆ. ಹಾಳಾಗದಿರಲಿ ಎಂದು ಮೈಲುತುತ್ತ ಹಾಕುವ ಪದ್ಧತಿಯಿದೆ. ಅದು ವಿಷ; ಮಕ್ಕಳು ಕೈಹಾಕುವ ಬೋಗುಣಿಗೆ ಬೇಡವೇ ಬೇಡ. ಪಟಿಕ ಹಾಕುವವರೂ ಇದ್ದಾರೆ, ಅದರ ಆಮ್ಲಕ್ಕೆ ಕಾಗದ ವರ್ಷ ಕಳೆದಂತೆ ಕಂದಿ ಪೆಡಸಾಗುತ್ತದೆ. ಎರಡು ಹನಿ ಲವಂಗದ ಎಣ್ಣೆ ಹಾಕಿದರೆ ಬೂಸ್ಟು ತಡೆದೀತು, ಸ್ಟಾಫ್ ರೂಮಿಗೆಲ್ಲ ಹಲ್ಲು ಡಾಕ್ಟರ ಶಾಪಿನ ವಾಸನೆಯೂ ಬಂದೀತು. ನಮ್ಮ ಊರುಗಳಲ್ಲಿ ದನಗಳು ಸಿನಿಮಾ ಪೋಸ್ಟರ್ ಕಿತ್ತು ತಿನ್ನುವುದು ನಾಯಕನ ಮೇಲಿನ ಅಭಿಮಾನದಿಂದಲ್ಲ, ಹಿಂದಿನ ಈ ಮೈದಾಕ್ಕಾಗಿ. ಕಾಂಪೌಂಡ್ ಗೋಡೆಗೆ ಭಿತ್ತಿಪತ್ರಿಕೆ ಅಂಟಿಸುವ ಉತ್ಸಾಹಿಗಳು ಇದನ್ನು ನೆನಪಿಡಬೇಕು. ಗೇಟು ಹಾಕಿರುವ ಶಾಲೆಗಳು ಕಡಿಮೆ.

ಅಂಟು ಸರಿಯಾದರೂ ಕಾಗದ ಸುಕ್ಕಾಗುತ್ತದಲ್ಲ, ಅದು ಇನ್ನೊಂದೇ ಕತೆ. ಕಾಗದದ ನಾರಿನ ಎಳೆಗಳಿಗೆ ಒಂದು ದಿಕ್ಕು ಇದೆ. ಒದ್ದೆಯಾದಾಗ ಎಳೆಗೆ ಅಡ್ಡಲಾಗಿ ಹೆಚ್ಚು ಹಿಗ್ಗುತ್ತದೆ, ಉದ್ದಕ್ಕೆ ಅಷ್ಟಿಲ್ಲ. ದಿಕ್ಕು ತಿಳಿಯಲು ಹಾಳೆಯನ್ನು ಮಡಚದೆ ಎರಡೂ ಕಡೆಗೆ ಮೆಲ್ಲಗೆ ಬಾಗಿಸಿ ನೋಡಿ, ಯಾವ ಕಡೆಗೆ ಸಲೀಸಾಗಿ ಸುರುಳಿಯಾಗುತ್ತದೋ ಆ ಸುರುಳಿಯ ಉದ್ದಕ್ಕೆ ಎಳೆ ಸಾಗಿದೆ. ಮೇಲೆ ಅಂಟಿಸುವ ಹಾಳೆಯ ಎಳೆಯೂ ತಳದ ಚಾರ್ಟಿನ ಎಳೆಯೂ ಒಂದೇ ದಿಕ್ಕಿಗಿದ್ದರೆ ಒಣಗಿದ ಮೇಲೆ ಹಪ್ಪಳದ ಹಾಗೆ ಸೊಟ್ಟಗಾಗುವುದಿಲ್ಲ. ಅಂಟು ಹಚ್ಚಿ ತಕ್ಷಣ ಒತ್ತಬಾರದು. ಒಂದೆರಡು ನಿಮಿಷ ಬಿಡಬೇಕು, ಹಿಗ್ಗುವಷ್ಟು ಹಿಗ್ಗಲಿ. ಆಮೇಲೆ ನಡುವಿನಿಂದ ಅಂಚಿನ ಕಡೆಗೆ ಒಣಬಟ್ಟೆಯಲ್ಲಿ ಸವರಿ, ಮೇಲೊಂದು ಖಾಲಿ ಹಾಳೆ ಹಾಸಿ, ರಾತ್ರಿಯಿಡೀ ಭಾರ ಹೇರಬೇಕು. ಭಾರಕ್ಕೆ ಯಾರೂ ತೆರೆಯದ ವಿಶ್ವಕೋಶದ ಸಂಪುಟಗಳು ಎಲ್ಲ ಶಾಲೆಯಲ್ಲೂ ಇರುತ್ತವೆ. ನಾಲ್ಕು ಮೂಲೆಗೆ ಮಾತ್ರ ಅಂಟು ಮೆತ್ತುವ ಜಿಪುಣರ ಹಾಳೆ ಫ್ಯಾನ್ ಹಾಕಿದೊಡನೆ ಹೊಟ್ಟೆ ಉಬ್ಬಿಸಿಕೊಳ್ಳುತ್ತದೆ.

ಎಲ್ಲಿ ಹಾಕಬೇಕು ಎಂಬುದರಲ್ಲಿ ಶಾಲೆಗಳು ಮಾಡುವ ತಪ್ಪು ಒಂದೇ: ಆಫೀಸಿನ ಪಕ್ಕ. ಅಲ್ಲಿ ವಿದ್ಯಾರ್ಥಿಗಳು ನಿಲ್ಲುವುದು ಬೈಸಿಕೊಳ್ಳಲು ಮಾತ್ರ. ಕುಡಿಯುವ ನೀರಿನ ನಲ್ಲಿಯಿಂದ ಮೂರ್ನಾಲ್ಕಡಿ ದೂರ, ನೀರು ಸಿಡಿಯದ ಕಡೆ, ಹಾಳೆಯ ನಡುಭಾಗ ನೆಲದಿಂದ ನಾಲ್ಕೂವರೆ ಅಡಿಗೆ ಬರುವಂತೆ ಹಾಕಿದರೆ ಹೈಸ್ಕೂಲ್ ಮಕ್ಕಳ ಕಣ್ಣಿಗೆ ಸರಿ. ಪಶ್ಚಿಮಕ್ಕೆ ತೆರೆದ ಕಾರಿಡಾರಾದರೆ ಮಧ್ಯಾಹ್ನದ ಬಿಸಿಲು ಸ್ಕೆಚ್ ಪೆನ್ನನ್ನು ತಿಂದುಬಿಡುತ್ತದೆ. ಗಾಜಿನ ಬಾಗಿಲಿನ ಬೋರ್ಡು ಚೆಂದ, ಅದರ ಬೀಗದ ಕೈ ವರ್ಗಾವಣೆಯಾದ ಮೇಷ್ಟ್ರ ಜೊತೆ ಹೋಗಿರುತ್ತದೆ. ಇನ್ನು ಒಳ್ಳೆಯ ಜಾಗ ಸಿಕ್ಕಿತೋ, ಪರೀಕ್ಷಾ ಶುಲ್ಕದ ನೋಟಿಸಿಗೂ ಅದೇ ಜಾಗ ಬೇಕು. ಬಲಗಡೆ ಒಂದಡಿ ಖಾಲಿ ಗೋಡೆ ಇದ್ದರೂ ನೋಟಿಸು ನೇರ ಲೇಖನದ ಮೇಲೇ ಕೂರುತ್ತದೆ. ಇದನ್ನು ಯಾರಾದರೂ ಸಂಶೋಧಿಸಬೇಕು.

ಓದುಗರಿಗೆ ಕೈಯೂ ಇದೆ ಎಂಬುದನ್ನು ಮರೆಯದೆ ಆ 3 ಸೆಂ.ಮೀ. ಅಂಚನ್ನು ಕಾಯ್ದುಕೊಳ್ಳಬೇಕು. “ಮಾನವನ ಜೀವನ”ದ ಪಕ್ಕ ಯಾರೂ ಏನೂ ಗೀಚುವುದಿಲ್ಲ, ಗೀಚಿದರೆ ಮೀಸೆ. ಬಸ್ ನಂಬರಿನ ಪಟ್ಟಿ ಇದ್ದರೆ ಎರಡನೇ ದಿನಕ್ಕೇ ಪೆನ್ಸಿಲ್ಲಿನಲ್ಲಿ “46 ಸಕಲೇಶಪುರ ಬಿಟ್ಟಿದ್ದೀಯ” ಎಂದು ಬಂದಿರುತ್ತದೆ. ಅಂಚು ಬಿಡದಿದ್ದರೆ ಅದು ಅಕ್ಷರಗಳ ಮೇಲೇ ಬೀಳುತ್ತದೆ.

ತಿಂಗಳಾದ ಮೇಲೆ ತೆಗೆಯುವಾಗ ಎಳೆಯಬೇಡಿ. ಗೋಡೆಗಂಟಿದ ಅಂಚಿಗೆ ಒದ್ದೆ ಬಟ್ಟೆ ಹತ್ತು ನಿಮಿಷ ಒತ್ತಿ ಹಿಡಿದರೆ ಮೈದಾ ತಾನಾಗಿ ಬಿಡುತ್ತದೆ. ಇಂಡಿಯನ್ ಇಂಕ್ ಬಳಸಿದ್ದರೆ ಹೆದರಿಕೆಯಿಲ್ಲ. ಸ್ಕೆಚ್ ಪೆನ್ನಾದರೆ ನೀರು ಬರಹಕ್ಕೆ ತಾಗದಂತೆ ನೋಡಿಕೊಳ್ಳಿ. ಒಣಗಿಸಿ, ಬರಹ ಹೊರಗೆ ಬರುವಂತೆ ಸುತ್ತಬೇಕು. ಒಳಗೆ ಸುತ್ತಿದರೆ ಮುಂದೆ ಬಿಚ್ಚಿದಾಗ ಅಂಚುಗಳು ಓದುವವನ ಮುಖಕ್ಕೇ ಮಡಚಿಕೊಂಡು ಬರುತ್ತವೆ. ಹೆಸರು, ತರಗತಿ, ತಿಂಗಳು, ಇಸವಿ ಹಿಂಬದಿಯಲ್ಲಿ ಪೆನ್ಸಿಲ್ಲಿನಲ್ಲಿ ಇರಲಿ. ಬೀರುವಿನ ಮೇಲೆ ಮಾತ್ರ ಎಸೆಯಬೇಡಿ. ಅಲ್ಲಿ ಬೆಳ್ಳಿಮೀನು ಹುಳಗಳಿವೆ, ಅವಕ್ಕೆ ಪಿಷ್ಟ ಪ್ರಾಣ, ಪೀಠಿಕೆಯನ್ನು ಮುಟ್ಟದೆ ಒಳ್ಳೆಯ ಭಾಗವನ್ನೇ ಹುಡುಕಿ ತಿನ್ನುತ್ತವೆ.