ಅಜ್ಜಿಯ ತುಂಟತನವನ್ನೂ ಬರೆದಿಡಿ

ಮೊಮ್ಮಕ್ಕಳಿಗಾಗಿ ಜೀವ ತೇಯ್ದ, ಮನೆಮಂದಿಯನ್ನೆಲ್ಲ ನಗಿಸಿದ, ಈಗ ತೀರಿಕೊಂಡಿರುವ ನಿಮ್ಮಜ್ಜಿಯ ಬಗ್ಗೆ ನೀವು ಇಲ್ಲಿ ಬರೆದದ್ದು ಓದಿ ಕಣ್ಣು ತುಂಬಿ ಬಂತು. ತೀರಿಕೊಂಡವರ ಬಗ್ಗೆ ಬರೆಯುವಾಗ ತ್ಯಾಗ, ತಾಳ್ಮೆ ಅಂತ ಹೊಗಳಿ ಸುಮ್ಮನಾಗುತ್ತೇವೆ. ಅವರ ತುಂಟತನ ಬಿಟ್ಟೇ ಹೋಗುತ್ತದೆ, ಅಲ್ವಾ?

ನಮ್ಮಜ್ಜಿ ಇಸ್ಪೀಟಿನಲ್ಲಿ ರಾಜಾರೋಷವಾಗಿ ಮೋಸ ಮಾಡುತ್ತಿದ್ದರು. ಬೇಕಾದ ಎಲೆಯನ್ನು ತೊಡೆ ಕೆಳಗೆ ಸೇರಿಸಿ, ಕನ್ನಡಕ ಮೂಗಿನ ತುದಿಗೆ ಇಳಿಸಿ, ಏನೂ ಗೊತ್ತಿಲ್ಲದವರ ಹಾಗೆ ಕೂತುಬಿಡುತ್ತಿದ್ದರು. ಸಿಕ್ಕಿಬಿದ್ದರೆ ನಮಗಿಂತ ಜೋರಾಗಿ ಅವರೇ ನಗುತ್ತಿದ್ದರು. ಆದರೆ ಸೋತು ಅಳುವ ಚಿಕ್ಕವರು ಎದುರಿಗಿದ್ದರೆ ಅದೇ ಎಲೆ ಸದ್ದಿಲ್ಲದೆ ಆ ಮಗುವಿನ ಕೈ ಸೇರುತ್ತಿತ್ತು. ನಮಗೆ ಜ್ವರ ಬಂದರೆ ರಾತ್ರಿಯಿಡೀ ಪಕ್ಕದಲ್ಲಿ ಎಚ್ಚರ ಇರುತ್ತಿದ್ದವರೂ ಅವರೇ.

ಒಂದು ಮಾತು ಹೇಳಬೇಕು. ಹಳೇ ಫೋಟೊಗಳ ಹಿಂದೆ ಮೆತ್ತನೆ ಪೆನ್ಸಿಲ್‌ನಲ್ಲಿ ಹೆಸರು, ವರ್ಷ ಬರೆದಿಡಿ. ಪೆನ್ನಾದರೆ ಇಂಕು ಮುಂಭಾಗಕ್ಕೆ ಇಳಿಯಬಹುದು. ಫೋನಿನಲ್ಲಿ ನಿಮ್ಮಜ್ಜಿಯ ವಾಯ್ಸ್ ಮೆಸೇಜ್ ಇದ್ದರೆ ಇನ್ನೊಂದು ಕಡೆ ಕಾಪಿ ಮಾಡಿ, ಫೋನ್ ಬದಲಾಯಿಸುವಾಗ ಎಷ್ಟೋ ಸಲ ಅವು ಹಾಗೇ ಹೋಗಿಬಿಡುತ್ತವೆ. ಅಣ್ಣತಮ್ಮ, ಅಕ್ಕತಂಗಿ ಎಲ್ಲರಿಂದಲೂ ಒಂದೊಂದು ತಮಾಷೆ ಪ್ರಸಂಗ ಬರೆಸಿ. ಅವನ್ನೂ ಇಲ್ಲಿ ಹಾಕಿ, ಓದಲು ಕಾಯುತ್ತಿರುತ್ತೇನೆ.